ಕೆಂಡದ ಮಡಕೆ ಮತ್ತು ಎರಡನೆಯ ಹುಡುಗಿ

ಬ್ರೂಮ್‌ಹಿಲ್, ಶೆಫೀಲ್ಡ್
ಗುರುವಾರ, 26 ಸೆಪ್ಟೆಂಬರ್ 2024

ಪ್ರೀತಿಯ ಮಣಿಯಕ್ಕ,

ನಮಸ್ಕಾರ. ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಯಾರಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಇವರು ಆಸ್ಪತ್ರೆಯ ಡ್ಯೂಟಿ ರೋಟಾವನ್ನು ಬೈದುಕೊಂಡೇ ಇನ್ನೂ ಕೆಲಸಕ್ಕೆ ಹೋಗುತ್ತಿದ್ದಾರೆ. ನನ್ನ ಮಂಡಿನೋವು ಇದ್ದಷ್ಟೇ ಇದೆ. ಸೃಷ್ಟಿ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೊ ಗೇಮ್‌ಗಳಿಗೆ ಕಾಡು, ಕೋಟೆ, ರಾಕ್ಷಸರನ್ನು ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದಾಳೆ. ನಾನು ವಾರಕ್ಕೆ ಎರಡು ದಿನ ಮಾತ್ರ ಜನರಿಗೆ ಅರಿವಳಿಕೆ ಕೊಡುತ್ತೇನೆ, ಉಳಿದ ದಿನ ಎಚ್ಚರವಾಗಿರುವವರ ತಲೆ ತಿನ್ನುತ್ತೇನೆ.

ಇದನ್ನು ವಾಟ್ಸಾಪ್‌ನಲ್ಲೇ ಬರೆಯಬಹುದಿತ್ತು. ಆದರೆ ಐದು ವರ್ಷದಿಂದ ಅಲ್ಲಿ ನಾವಿಬ್ಬರು ಮಾಡುತ್ತಿರುವುದೇನು? ಯುಗಾದಿಗೆ ನೀನು ಬೇವುಬೆಲ್ಲದ ಚಿತ್ರ ಕಳಿಸುತ್ತೀಯೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ದೀಪಾವಳಿಗೆ ಮತ್ತೆ ಅದೇ. ಈ ವಿಷಯಕ್ಕೂ ನೀನು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾದರೆ ನನ್ನಿಂದ ತಡೆಯಲಾಗದು. ನಮ್ಮ ಕನ್ನಡ ಸಂಘದ ಅರ್ಪಿತಾ ಶನಿವಾರ ಬೆಂಗಳೂರಿಗೆ ಹೊರಟಿದ್ದಾಳೆ. ಅವಳ ಕೈಗೆ ಈ ಪತ್ರ ಕೊಡುತ್ತಿದ್ದೇನೆ, ಅಲ್ಲಿಂದ ಹಾಸನಕ್ಕೆ ಕೊರಿಯರ್ ಮಾಡುತ್ತಾಳೆ. ನಿನ್ನಿಂದ ನನಗೆ ಒಂದು ಒಪ್ಪಿಗೆ ಬೇಕು, ಒಂದು ಕ್ಷಮೆಯೂ ಬೇಕು. ಒಪ್ಪಿಗೆಯ ವಿಷಯ ಸುಲಭ, ಅದನ್ನು ಮೊದಲು ಹೇಳುತ್ತೇನೆ.

ಇಲ್ಲಿನ ಗ್ರಂಥಾಲಯವೊಂದರಲ್ಲಿ ಗುರುವಾರ ಬೆಳಿಗ್ಗೆ ನಾವು ಹತ್ತು ಹನ್ನೆರಡು ಮಂದಿ ಸೇರಿ ಪೆನ್ಸಿಲ್ ಚಿತ್ರ ಕಲಿಯುತ್ತೇವೆ. ಹೆಚ್ಚಿನವರು ನನ್ನ ಹಾಗೆ ಮೊಣಕಾಲು ಸವೆಸಿಕೊಂಡವರು. ಕಲಿಸುವವರು ಇಲ್ಲಿಯವರೇ, ಎಂಬತ್ತರ ಹತ್ತಿರದ ಮುದುಕರು, ಹಿಂದೆ ಸ್ಟೀಲ್ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದರಂತೆ. ಹೆಂಗಸು ಗಂಡಸು ಎನ್ನದೆ ಎಲ್ಲರನ್ನೂ ‘ಲವ್’ ಎಂದೇ ಕರೆಯುತ್ತಾರೆ. ಮೊದಲ ದಿನ ನಾನು ಬೆಚ್ಚಿಬಿದ್ದೆ. ಈಗ ಅವರು ಕರೆಯದಿದ್ದರೆ ನನ್ನ ಚಿತ್ರ ಹಿಡಿಸಲಿಲ್ಲವೇನೋ ಎನಿಸುತ್ತದೆ.

ಬರುವ ತಿಂಗಳು ಹನ್ನೆರಡರಂದು ಗ್ರಂಥಾಲಯದಲ್ಲಿ ನಮ್ಮ ಪ್ರದರ್ಶನ. ಚಿಕ್ಕಂದಿನಲ್ಲಿ ಓದಿದ ಪುಸ್ತಕದ ಒಂದು ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ ಮತ್ತೆ ಬರೆಯಬೇಕು, ಅದನ್ನು ಬರೆದ ಕಲಾವಿದರಿಗೆ ಗೌರವ ಸಲ್ಲಿಸುವುದಕ್ಕಾಗಿ. ಬೇರೆಯವರು ಮೊಲ, ಕರಡಿ, ಟೋಪಿ ಹಾಕಿದ ಇಲಿ ಎಂದು ಆರಿಸಿಕೊಂಡರು. ನಾನು ಯಾವುದನ್ನು ಆರಿಸಿರಬಹುದು ಹೇಳು. ನಮ್ಮ ಹಸಿರು ರಟ್ಟಿನ ಕಥೆಪುಸ್ತಕದ ಕೆಂಡದ ಮಡಕೆಯ ಚಿತ್ರ. ಒಲೆಯ ಬೆಂಕಿ ಆರಿದ್ದಕ್ಕೆ ಪಕ್ಕದೂರಿನಿಂದ ಕೆಂಡ ತರಲು ಹೋದ ಹುಡುಗಿ, ತಲೆಯ ಮೇಲೆ ಸಿಂಬಿ, ಅದರ ಮೇಲೆ ಮಡಕೆ, ಸುತ್ತ ಆಕಾಶ ಮುಚ್ಚುವ ಮರಗಳು, ಕೊಂಬೆಯಲ್ಲಿ ಗೂಬೆ. ಅವಳ ಒಂದು ಹೆಜ್ಜೆ ಹಿಂದೆ ಇನ್ನೊಬ್ಬ ಹುಡುಗಿ. ಮೂಲೆಯಲ್ಲಿ ‘ವೆಂ.’ ಎಂದು ಸಣ್ಣ ರುಜು. ಆ ಕಾಲದಲ್ಲಿ ಆ ಪುಸ್ತಕ ಇಲ್ಲದ ಶಾಲೆಯೇ ಇರಲಿಲ್ಲ, ಆದರೂ ಆ ಪುಣ್ಯಾತ್ಮರ ಪೂರ್ತಿ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಪುಸ್ತಕ ನಿನ್ನ ಹತ್ತಿರ ಇದೆ. ನನ್ನ ಹತ್ತಿರ ಇರುವುದು ಜೆರಾಕ್ಸ್. ತೊಂಬತ್ತಾರರಲ್ಲಿ ನಾನು ಇಲ್ಲಿಗೆ ಹೊರಟಾಗ ಪುಸ್ತಕ ಕೇಳಿದೆ, ನೀನು ‘ಅದು ನನಗೆ ಸ್ಕೂಲಲ್ಲಿ ಬಂದ ಬಹುಮಾನ, ಕೊಡಲ್ಲ’ ಎಂದು ಖಡಾಖಂಡಿತವಾಗಿ ಹೇಳಿ, ಮಾರನೆಯ ದಿನ ಆ ಒಂದು ಪುಟದ ಜೆರಾಕ್ಸ್ ಮಾಡಿಸಿ ಕೈಗಿಟ್ಟೆ. ಎಂಥ ಜಿಪುಣಿ ಎಂದು ವಿಮಾನದಲ್ಲಿ ಇವರ ಮುಂದೆ ಅತ್ತಿದ್ದೆ. ಆದರೂ ಆ ಹಾಳೆಯನ್ನು ಇಪ್ಪತ್ತೆಂಟು ವರ್ಷ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡಿದ್ದೇನೆ.

ಕೆಲಸ ಮಾಡುವ ರೀತಿ ಹೀಗೆ. ಜೆರಾಕ್ಸಿನ ಮೇಲೆ ಸ್ಕೇಲ್ ಇಟ್ಟು ಅರ್ಧರ್ಧ ಇಂಚಿಗೆ ಚೌಕಗಳನ್ನು ಹಾಕಿಕೊಳ್ಳಬೇಕು. ದೊಡ್ಡ ಹಾಳೆಯ ಮೇಲೆ ಅಷ್ಟೇ ಚೌಕ, ಇಂಚಿಗೊಂದರಂತೆ. ಆಮೇಲೆ ಒಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ಬರೆಯುತ್ತ ಹೋಗುವುದು. ಮರ ಎಂದಾಗಲಿ ಹುಡುಗಿ ಎಂದಾಗಲಿ ಯೋಚಿಸಕೂಡದು, ಗೆರೆಯನ್ನು ಮಾತ್ರ ನೋಡಬೇಕು. ಐದು ವಾರ ಹಿಡಿಯಿತು. ಅಕ್ಕ, ನಿಜ ಹೇಳುತ್ತೇನೆ, ಆ ಐದು ವಾರ ನಾನು ಎಷ್ಟು ಸುಖವಾಗಿದ್ದೆ! ಕಿಟಕಿಯ ಪಕ್ಕದ ಮೇಜು, ಮುಂದೆ ಕಾಫಿ, ಕೆಳಗೆ ರಸ್ತೆಯಲ್ಲಿ ವಿದ್ಯಾರ್ಥಿಗಳ ಗಲಾಟೆ. ಗೂಬೆಯ ಒಂದು ಕಣ್ಣಿಗೆ ಇಡೀ ಬೆಳಗು. ಸೃಷ್ಟಿ ವಿಡಿಯೊ ಕಾಲ್‌ನಲ್ಲಿ ನೋಡಿ, ‘Mum, ನಾನು ಇದನ್ನ ಟ್ಯಾಬ್ಲೆಟ್‌ನಲ್ಲಿ ಟೆನ್ ಮಿನಿಟ್ಸ್‌ನಲ್ಲಿ ಮಾಡ್ತೀನಿ’ ಎಂದಳು. ಅವಳು ಕನ್ನಡದಲ್ಲಿ ಅಷ್ಟು ಹೇಳಿದ್ದೇ ದೊಡ್ಡದು ಎಂದು ಬೈಯದೆ ಬಿಟ್ಟೆ.

ಒಂದೇ ಕಿರಿಕಿರಿ. ಇಡೀ ಚಿತ್ರದ ನೆರಳಿನ ಗೆರೆಗಳು ಮೇಲೆ ಬಲಕ್ಕೆ ವಾಲಿದ್ದರೆ, ಆ ಎರಡನೆಯ ಹುಡುಗಿಯ ಗೆರೆಗಳು ಮೇಲೆ ಎಡಕ್ಕೆ ವಾಲಿವೆ. ಅಚ್ಚಿನವರು ಏನೋ ಎಡವಟ್ಟು ಮಾಡಿರಬೇಕೆಂದು ನಾನು ಎಲ್ಲವನ್ನೂ ಬಲಕ್ಕೆ ತಿದ್ದಿ ಬರೆದೆ. ಮೇಷ್ಟ್ರು ಕನ್ನಡಕ ಏರಿಸಿ ಜೆರಾಕ್ಸನ್ನೂ ನನ್ನ ಚಿತ್ರವನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ನಕಲು ಮಾಡುವವರು ತಿದ್ದಬಾರದು ಲವ್, ಇಲ್ಲಿ ಎರಡು ಕೈ ಕೆಲಸ ಮಾಡಿವೆ, ಈ ಹುಡುಗಿಯನ್ನು ಬರೆದದ್ದು ಎಡಗೈ ಎಂದರು. ನಲವತ್ತು ವರ್ಷ ಬೇರೆಯವರ ನಕ್ಷೆ ನೋಡಿದವರಿಗೆ ಕೈ ಗೊತ್ತಾಗುತ್ತದಂತೆ. ನಾನು ತಲೆಯಾಡಿಸಿ ಮನಸ್ಸಿನಲ್ಲೇ ‘ಅರಳು ಮರಳು’ ಅಂದುಕೊಂಡೆ.

ಅದರ ಮುಂದಿನ ವಾರ ಸಂಘದ ಗಣೇಶನ ಊಟ ಇತ್ತು. ಅಲ್ಲಿ ಡಾಕ್ಟರ್ ರಾಜಶೇಖರ ಅಂತ ಇದ್ದಾರೆ, ಧಾರವಾಡದವರು, ಮನೋರೋಗ ತಜ್ಞರಾಗಿ ನಿವೃತ್ತರಾದವರು. ಕನ್ನಡ ಪುಸ್ತಕ ಎಂದರೆ ಅವರನ್ನು ಕೇಳಬೇಕು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಅವರೂ ಹೇಳುತ್ತಾರೆ. ನಾನು ಜಂಭದಿಂದ ಫೋನಿನಲ್ಲಿದ್ದ ನನ್ನ ಚಿತ್ರ ತೋರಿಸಿದೆ. ಅವರು ಚಿತ್ರಾನ್ನದ ತಟ್ಟೆ ಕೆಳಗಿಟ್ಟು ನೋಡಿ, ‘ಭಾಳ ಛಂದ ಆಗೇದ್ರಿ. ಆದ್ರ ಇದರಾಗ ಹುಡುಗಿ ಒಬ್ಬಾಕೀನ ಅಲ್ಲೇನ್ರಿ? ಈಕಿ ಯಾರು?’ ಎಂದರು. ಇಬ್ಬರು ಎಂದೆ ನಾನು. ಒಬ್ಬಳೇ ಎಂದರು ಅವರು. ನನ್ನ ಕೋಪ ನಿನಗೆ ಗೊತ್ತಲ್ಲ. ಹುಟ್ಟಿದಾಗಿನಿಂದ ನೋಡಿದ ಚಿತ್ರ, ನಿಮಗೆ ಮರೆವು ಬಂದಿದೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಮನೋರೋಗ ತಜ್ಞರಲ್ಲವೇ. ಮುಂದಿನ ಭಾನುವಾರ ಪುಸ್ತಕವನ್ನೇ ಹಿಡಿದು ಮನೆಗೆ ಬಂದರು.

ಅದೇ ಹಸಿರು ರಟ್ಟು, ಅದೇ ಮುದ್ರಣ. ಪುಟ ತೆಗೆದರೆ ಮರಗಳಿವೆ, ಗೂಬೆಯಿದೆ, ಮಡಕೆ ಹೊತ್ತ ಹುಡುಗಿ ಇದ್ದಾಳೆ, ‘ವೆಂ.’ ಇದೆ. ಎರಡನೆಯ ಹುಡುಗಿ ಇಲ್ಲ. ಅವಳಿದ್ದ ಜಾಗದಲ್ಲಿ ಖಾಲಿ ದಾರಿ.

ರಾಜಶೇಖರ ಅವರಿಗೆ ಕಾಫಿ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ‘ಮೂಲ ಕಲಾವಿದಗ ಮರ್ಯಾದಿ ಕೊಡೂದಂದ್ರ ಅಂವ ಬರದಷ್ಟ ಬರೀಬೇಕ್ರಿ, ಈಕೀನ್ನ ಅಳಿಸಿಬಿಡ್ರಿ’ ಎಂದು ಹೇಳಿ ಹೋದರು. ಸೋತ ಅವಮಾನಕ್ಕೆ ನಾನು ಮುಖ ಊದಿಸಿಕೊಂಡು ಅಡುಗೆಮನೆಗೆ ಹೋಗಿ ಬೀನ್ಸ್ ಹೆಚ್ಚಲು ಕೂತೆ. ಹೆಚ್ಚುತ್ತ ಹೆಚ್ಚುತ್ತ ನನ್ನ ಕೈ ನಿಂತುಹೋಯಿತು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ತರಕಾರಿ ಹೆಚ್ಚುತ್ತಿದ್ದವಳು ಯಾರು? ಶಾಲೆಯಲ್ಲಿ ಮೇಷ್ಟ್ರ ಏಟಿಗೆ ಹೆದರಿ ಬಲಗೈಯಲ್ಲಿ ಬರೆಯಲು ಕಲಿತು, ಮನೆಯ ಮುಂದೆ ರಂಗೋಲಿಯನ್ನು ಮಾತ್ರ ಎಡಗೈಯಲ್ಲಿ ಎಳೆಯುತ್ತಿದ್ದವಳು ಯಾರು?

ಆಮೇಲೆ ಒಂದೊಂದೇ ನೆನಪಾಯಿತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್, ಎಪ್ಪತ್ತಮೂರು. ನನಗೆ ಆರು ವರ್ಷ. ಅಮ್ಮನನ್ನು ಕ್ಷಯವೆಂದು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಏಳು ತಿಂಗಳು. ಅಪ್ಪ ಗೂಡ್ಸ್ ಗಾಡಿಯ ಗಾರ್ಡು, ಹೋದರೆ ಎರಡು ದಿನ ಮೂರು ದಿನ ಬರುತ್ತಿರಲಿಲ್ಲ. ಪಕ್ಕದ ಪುಟ್ಟಲಕ್ಷ್ಮಮ್ಮ ಬಂದು ಸಾರು ಮಾಡಿಟ್ಟು ಹೋಗುತ್ತಿದ್ದರು. ನನಗೆ ಆ ಪುಸ್ತಕದ ಎಲ್ಲ ಕಥೆಯೂ ಬೇಕು, ಆ ಒಂದು ಪುಟ ಮಾತ್ರ ಬೇಡ. ಅದು ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದೆ, ಆ ಹುಡುಗಿ ಒಬ್ಬಳೇ ಇದ್ದಾಳೆ ಎಂದು. ಒಂದು ಸಂಜೆ ನೀನು ಪುಸ್ತಕ ತಂದು ನನ್ನ ತೊಡೆಯ ಮೇಲೆ ಹಾಕಿ ರೇಗಿದೆ. ‘ಒಬ್ಬಳೇ ಅಂತ ಯಾರೇ ಹೇಳಿದ್ದು? ಸರಿಯಾಗಿ ಕಣ್ಣು ಬಿಟ್ಟು ನೋಡು. ಹಿಂದೆ ಇನ್ನೊಬ್ಬಳಿಲ್ವಾ? ನೀನು ಯಾವತ್ತು ಸರಿಯಾಗಿ ನೋಡಿದ್ದೀಯ?’ ನೋಡಿದೆ. ಇದ್ದಳು. ನಾನೇ ಸರಿಯಾಗಿ ನೋಡಿರಲಿಲ್ಲ ಎಂದು ನಂಬಿದೆ. ಐವತ್ತೊಂದು ವರ್ಷ ನಂಬಿದೆ, ಬೈಸಿಕೊಂಡದ್ದನ್ನು ಮಾತ್ರ ನೆನಪಿಟ್ಟುಕೊಂಡು.

ನೀನಾ ಅಕ್ಕ? ಪುಸ್ತಕಕ್ಕೆ ಕಾಲು ತಗುಲಿದರೆ ಮೂರು ಸಲ ಕಣ್ಣಿಗೊತ್ತಿಸುತ್ತಿದ್ದವಳು ನೀನು. ಹಾಳೆ ಮಡಚಬಾರದು, ಎಂಜಲು ಬೆರಳು ಹಚ್ಚಿ ತಿರುವಬಾರದು, ಪೆನ್ಸಿಲ್ಲಿನ ಚುಕ್ಕೆ ಕೂಡ ಇಡಬಾರದು. ಚರಿತ್ರೆಯ ಪುಸ್ತಕದ ರಾಜನೊಬ್ಬನಿಗೆ ನಾನು ಮೀಸೆ ಬರೆದದ್ದಕ್ಕೆ ತಲೆಗೆ ಮೊಟಕಿ, ಸರಸ್ವತಿಯ ಪಟದ ಮುಂದೆ ಬಸ್ಕಿ ಹೊಡೆಸಿದ್ದೆ. ಅಂಥವಳು ಬಹುಮಾನಕ್ಕೆ ಬಂದ ಹೊಸ ಪುಸ್ತಕದಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಒಂದು ಇಡೀ ಹುಡುಗಿಯನ್ನು ಬರೆದೆಯಾ? ಮಗುವಿನ ಕಣ್ಣಿಗೆ ಅಚ್ಚು ಯಾವುದು ಪೆನ್ಸಿಲ್ ಯಾವುದು ಗೊತ್ತಾಗುವುದಿಲ್ಲ. ನಾನು ಸ್ವಲ್ಪ ದೊಡ್ಡವಳಾದ ಕೂಡಲೇ ‘ನೀನು ಹಾಳು ಮಾಡ್ತೀಯ’ ಎಂದು ನೀನು ಪುಸ್ತಕವನ್ನು ಬೀರುವಿನ ಮೇಲಿನ ಅರೆಗೆ ಸೇರಿಸಿಬಿಟ್ಟೆ. ಇಂಗ್ಲೆಂಡಿಗೆ ಹೊರಟಾಗ ಪುಸ್ತಕ ಕೊಟ್ಟಿದ್ದರೆ ನನಗೆ ಗೊತ್ತಾಗಿಬಿಡುತ್ತಿತ್ತು. ಜೆರಾಕ್ಸಿನಲ್ಲಿ ಪೆನ್ಸಿಲ್ಲೂ ಕಪ್ಪು, ಅಚ್ಚೂ ಕಪ್ಪು. ಆ ಅಂಗಡಿಗೆ ಬಿಸಿಲಲ್ಲಿ ನಡೆದು ಹೋಗಿ ನೀನು ಆ ಹುಡುಗಿಯನ್ನು ನನಗಾಗಿ ಮತ್ತೆ ನಿಜ ಮಾಡಿಸಿಕೊಂಡು ಬಂದೆ. ನಾನು ನಿನ್ನನ್ನು ಜಿಪುಣಿ ಎಂದೆ.

ಈಗ ಕ್ಷಮೆಯ ವಿಷಯ. ಸುತ್ತಿ ಬಳಸಿ ಹೇಳುವುದಿಲ್ಲ. ಐದು ವರ್ಷದ ಹಿಂದೆ ನಿನ್ನ ನಿವೃತ್ತಿಯ ಸಮಾರಂಭದ ದಿನ, ಇಡೀ ಹೈಸ್ಕೂಲಿನ ಮುಂದೆ, ತಂಗಿ ನಾಲ್ಕು ಮಾತಾಡಲಿ ಎಂದು ಮೈಕ್ ಕೊಟ್ಟರು. ‘ಎಲ್ಲರ ಮನೆಯಲ್ಲೂ ಅಕ್ಕ ಇರ್ತಾಳೆ, ನಮ್ಮನೇಲಿ ಹೆಡ್‌ಮಿಸ್ಟ್ರೆಸ್ ಇದ್ದರು, ನನಗೆ ಅಕ್ಕ ಅಂತ ಯಾರೂ ಇರಲೇ ಇಲ್ಲ’ ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ನೀನೂ ನಕ್ಕೆ, ಶಾಲು ಸರಿ ಮಾಡಿಕೊಂಡೆ, ಊಟಕ್ಕೆ ನನ್ನ ಪಕ್ಕ ಕೂರಲಿಲ್ಲ. ಇಲ್ಲಿಗೆ ಮರಳಿದ ಹೊಸದರಲ್ಲಿ ಫೋನಿನಲ್ಲಿ ನಾನು ‘ತಮಾಷೆಗೆ ಅಂದಿದ್ದು’ ಎಂದು ಎಷ್ಟೋ ಸಲ ಹೇಳಿದ್ದೇನೆ. ಅದು ಸುಳ್ಳು. ಹಿಂದಿನ ದಿನ ಮತ್ತೊಮ್ಮೆ ಪುಸ್ತಕ ಕೇಳಿ, ನೀನು ಮತ್ತೊಮ್ಮೆ ಇಲ್ಲ ಎಂದ ಮೇಲೆ, ಆ ಮಾತನ್ನು ಚೀಟಿಯಲ್ಲಿ ಬರೆದು, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಿದ್ದೆ. ನಿನಗೆ ನೋವಾಗಲಿ ಎಂದೇ ಹೇಳಿದ್ದು. ನೋವಾಯಿತು. ತಪ್ಪಾಯಿತು ಅಕ್ಕ.

ಪೂರ್ತಿ ಹೇಳಿಬಿಡುತ್ತೇನೆ. ಸೋಮವಾರ, ಇಷ್ಟೆಲ್ಲ ಗೊತ್ತಾದ ಮೇಲೂ, ಮೂಲದಲ್ಲಿ ಇಲ್ಲದ್ದು ಇರಬಾರದೆಂಬ ರಾಜಶೇಖರ ಅವರ ಮಾತು ಕೇಳಿ ನಾನು ಆ ಹುಡುಗಿಯನ್ನು ಅಳಿಸಿದೆ. ಇಲ್ಲಿ ನಾದಿದ ಹಿಟ್ಟಿನಷ್ಟು ಮೆತ್ತಗಿರುವ ರಬ್ಬರ್ ಸಿಗುತ್ತದೆ, ಒತ್ತಿ ಎತ್ತಿದರೆ ಸಾಕು, ಗೆರೆ ಎದ್ದು ಬರುತ್ತದೆ. ಕೆಲಸ ಮುಗಿಸಿ ಹಿಂದೆ ಸರಿದು ನೋಡಿದೆ. ಐವತ್ತೇಳು ವರ್ಷದ ಅರಿವಳಿಕೆ ಡಾಕ್ಟರು, ದಿನಾ ಜನರ ಉಸಿರು ಕಾದವಳು, ಆ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟೆ. ಒಬ್ಬಳನ್ನೇ ನೋಡಲು ಆಗಲಿಲ್ಲ.

ನಿನ್ನೆ ಅವಳನ್ನು ಮತ್ತೆ ಬರೆದೆ. ಈ ಸಲ ಬಲಕ್ಕೆ ತಿದ್ದಲಿಲ್ಲ. ಹಲಗೆಯನ್ನು ಅಡ್ಡ ತಿರುಗಿಸಿಕೊಂಡು, ನಿನ್ನ ಗೆರೆ ಹೇಗೆ ಎಡಕ್ಕೆ ವಾಲಿದೆಯೋ ಹಾಗೆಯೇ ಎಳೆದೆ. ನೀನು ಎಲ್ಲಿ ಪೆನ್ಸಿಲ್ ಒತ್ತಿದ್ದೀಯೋ ಅಲ್ಲಿ ಒತ್ತಿದೆ. ಜಡೆಯ ಹತ್ತಿರ ಒಂದು ಗೆರೆ ಎರಡು ಸಲ ಬಿದ್ದಿದೆ, ಅದನ್ನೂ ಬಿಡಲಿಲ್ಲ. ಇವತ್ತು ತರಗತಿಯಲ್ಲಿ ಮೇಷ್ಟ್ರು ನೋಡಿ ನನ್ನ ಭುಜ ತಟ್ಟಿ ಮುಂದಿನವರ ಹತ್ತಿರ ಹೋದರು. ರಾಜಶೇಖರ ಅವರಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ‘ಹಂಗಾರ ಕಲಾವಿದರು ಇಬ್ಬರಾದ್ರಲ್ರಿ, ಇಬ್ಬರಿಗೂ ಮರ್ಯಾದಿ ಆಗಬೇಕು’ ಎಂದರು. ಮನುಷ್ಯರು ಒಳ್ಳೆಯವರು, ಪಾಂಡಿತ್ಯ ಒಂದು ಸ್ವಲ್ಪ ಜಾಸ್ತಿ.

ಒಪ್ಪಿಗೆ ಬೇಕಾಗಿರುವುದು ಇದಕ್ಕೇ. ಚಿತ್ರದ ಕೆಳಗೆ ಒಂದು ಚೀಟಿ ಅಂಟಿಸುತ್ತಾರೆ, ಮೂಲ ಚಿತ್ರಕಾರರ ಹೆಸರು ಅದರಲ್ಲಿ ಬರಬೇಕು. ಮೊದಲ ಸಾಲಿನಲ್ಲಿ ‘ವೆಂ.’ ಎಂದು ಬರೆದಿದ್ದೇನೆ. ಎರಡನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಅಲ್ಲಿ ‘ನಾಗಮಣಿ, ಅರಸೀಕೆರೆ’ ಎಂದು ಹಾಕಲೇ? ನಿನ್ನನ್ನು ಕೇಳದೆ ಹಾಕಲು ಧೈರ್ಯವಿಲ್ಲ. ಪುಸ್ತಕದಲ್ಲಿ ಗೀಚಿದ ಅಪರಾಧ ಊರಿಗೆಲ್ಲ ಗೊತ್ತಾಗುತ್ತದೆ, ಊರು ಶೆಫೀಲ್ಡ್ ಆದರೂ ಸರಿ. ಹತ್ತನೆಯ ತಾರೀಖಿನೊಳಗೆ ಹೇಳು. ಹನ್ನೆರಡು ವಿಜಯದಶಮಿ, ನೀನು ಹೇಗೂ ಪುಸ್ತಕಗಳನ್ನು ಪೂಜೆಗೆ ಇಟ್ಟಿರುತ್ತೀಯೆ. ಆ ಪುಸ್ತಕ ನನಗೆ ಬೇಡ, ನಿನ್ನ ಹತ್ತಿರವೇ ಇರಲಿ. ಇನ್ನು ಯಾವತ್ತೂ ಕೇಳುವುದಿಲ್ಲ. ಕ್ಷಮಿಸಲು ಆಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳು, ಬೈದೇ ಹೇಳು, ಹೂವಿನ ಚಿತ್ರ ಮಾತ್ರ ಕಳಿಸಬೇಡ. ಫೋನಿನಲ್ಲಿ ನಿನ್ನ ಗದರಿಕೆ ಕೇಳಿ ಐದು ವರ್ಷವಾಯಿತು.

ಭಾವನಿಗೆ ನಮಸ್ಕಾರ ತಿಳಿಸು. ಬಿಪಿ ಮಾತ್ರೆ ತಪ್ಪಿಸಬೇಡ.

ಇಂತಿ,
ನೀನು ಮೊಟಕಿ ಬೆಳೆಸಿದ
ಚಂದ್ರಿಕಾ

ವಿ.ಸೂ.: ಪತ್ರ ಮಡಚಿದ ಮೇಲೆ ಮತ್ತೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ಎರಡನೆಯ ಹುಡುಗಿ ದೊಡ್ಡವಳು, ಚಿಕ್ಕವಳನ್ನು ಕಾಯಲು ಹಿಂದೆ ಬರುತ್ತಿದ್ದಾಳೆ ಎಂದೇ ನಾನು ಯಾವಾಗಲೂ ತಿಳಿದಿದ್ದೆ. ನಿನ್ನೆ ಚೌಕ ಎಣಿಸಿದೆ. ಮಡಕೆ ಬಿಟ್ಟರೆ ಮೊದಲನೆಯವಳು ಏಳೂವರೆ ಚೌಕ, ಎರಡನೆಯವಳೂ ಏಳೂವರೆ. ಅವಳ ಕೈಯನ್ನು ಬರೆಯುವಾಗ ಇನ್ನೊಂದು ಕಂಡಿತು. ಮುಂದಿನವಳ ದಾವಣಿಯ ಚುಂಗು ಹಿಂದಿನವಳ ಮುಷ್ಟಿಯಲ್ಲಿದೆ, ಬಿಗಿಯಾಗಿ, ಹೆದರಿದ ಮಕ್ಕಳು ಹಿಡಿದುಕೊಳ್ಳುವ ಹಾಗೆ. ಆಗ ಲೆಕ್ಕ ಹಾಕಿದೆ ಅಕ್ಕ. ಅಮ್ಮ ಮನೆಯಲ್ಲಿಲ್ಲದ ಆ ವರ್ಷ ನಿನಗೆ ಹದಿನಾಲ್ಕು. ನಿನಗೂ ಹೆದರಿಕೆಯಾಗಿತ್ತೇ ಎಂದು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.